ಹಳೆಯ ಇಂಗ್ಲಿಷ್ ಪದಗಳ ಅರ್ಥ ತಿಳಿಯುವ ಬಗೆ: ಪಾಸ್‌ಪೋರ್ಟಿನ ಒಕ್ಕಣೆಯಿಂದ ಆಂಗ್ಲೊ-ಸ್ಯಾಕ್ಸನ್ ಪ್ರಾರ್ಥನೆಯವರೆಗೆ

ಭಾರತದ ಪಾಸ್‌ಪೋರ್ಟಿನಲ್ಲಿ ರಾಷ್ಟ್ರಪತಿಯವರ ಹೆಸರಿನಲ್ಲಿ ಅಚ್ಚಾಗಿರುವ ಕೋರಿಕೆಯೊಂದಿದೆ. ಪಾಸ್‌ಪೋರ್ಟ್ ಹೊಂದಿದವರನ್ನು ‘ವಿತೌಟ್ ಲೆಟ್ ಆರ್ ಹಿಂಡ್ರೆನ್ಸ್’ ಸಂಚರಿಸಲು ಬಿಡಬೇಕೆಂದು ಅದು ಕೇಳುತ್ತದೆ. ‘ಲೆಟ್’ ಎಂದರೆ ಬಿಡು, ಅವಕಾಶ ಕೊಡು ಎಂದು ಶಾಲೆಯಲ್ಲಿ ಕಲಿತವರು ಈ ಸಾಲನ್ನು ಹಾಗೆಯೇ ಬಿಡಿಸಿದರೆ ‘ಅವಕಾಶವಾಗಲಿ ಅಡ್ಡಿಯಾಗಲಿ ಇಲ್ಲದೆ’ ಎಂಬ ತಲೆಬುಡವಿಲ್ಲದ ಅರ್ಥ ಬರುತ್ತದೆ. ಇಲ್ಲಿರುವ ‘ಲೆಟ್’ ಬೇರೆಯೇ ಪದ. ಹಳೆಯ ಇಂಗ್ಲಿಷಿನಲ್ಲಿ ‘ಲ್ಯಾಟನ್’ ಎಂದರೆ ಬಿಡುವುದು, ‘ಲೆಟ್ಟನ್’ ಎಂದರೆ ತಡೆಯುವುದು. ಕಾಲಕ್ರಮದಲ್ಲಿ ಎರಡೂ ಸವೆದು ಒಂದೇ ರೂಪಕ್ಕೆ ಬಂದವು. ತಡೆ ಎಂಬ ಅರ್ಥದ್ದು ಬಳಕೆಯಿಂದ ಹಿಂದೆ ಸರಿದು, ಕಾನೂನಿನ ಒಕ್ಕಣೆಯಂಥ ಕೆಲವೇ ಕಡೆ ಉಳಿದುಕೊಂಡಿತು. ಶೇಕ್ಸ್‌ಪಿಯರ್‌ನ ನಾಟಕದಲ್ಲಿ ಹ್ಯಾಮ್ಲೆಟ್ ತನ್ನ ಗೆಳೆಯರಿಗೆ ‘ನನ್ನನ್ನು ಲೆಟ್ ಮಾಡುವವನನ್ನೇ ಪ್ರೇತ ಮಾಡಿಬಿಡುತ್ತೇನೆ’ ಎಂಬರ್ಥದ ಮಾತನಾಡುವುದೂ ಇದೇ ಪದವನ್ನು ಹಿಡಿದು. ತಡೆದವನನ್ನು ಕೊಲ್ಲುತ್ತೇನೆ ಎಂಬುದು ಅದರ ತಾತ್ಪರ್ಯ.

ಹಳೆಯ ಇಂಗ್ಲಿಷನ್ನು ಓದುವವರಿಗೆ ಅಪರಿಚಿತ ಪದಗಳು ಅಷ್ಟೇನೂ ಮೋಸ ಮಾಡುವುದಿಲ್ಲ, ಏಕೆಂದರೆ ಗೊತ್ತಿಲ್ಲದ್ದನ್ನು ಯಾರಾದರೂ ನಿಘಂಟಿನಲ್ಲಿ ನೋಡಿಯೇ ನೋಡುತ್ತಾರೆ. ಗೊತ್ತಿದೆ ಎಂದುಕೊಂಡು ದಾಟಿಹೋಗುವ ಪದಗಳೇ ಅರ್ಥವನ್ನು ಕೆಡಿಸುತ್ತವೆ. ಆ ಕಾರಣದಿಂದ ಈ ಮಾರ್ಗದರ್ಶಿ ಪದಗಳ ಪಟ್ಟಿಯನ್ನು ಕೊಡುವುದಕ್ಕಿಂತ, ಯಾವ ಪದವನ್ನು ಎಲ್ಲಿ ಅನುಮಾನಿಸಬೇಕು, ಅನುಮಾನ ಬಂದಾಗ ಎಲ್ಲಿ ನೋಡಬೇಕು, ನೋಡಿದ್ದನ್ನು ಹೇಗೆ ಓದಿಕೊಳ್ಳಬೇಕು ಎಂಬ ಕ್ರಮವನ್ನು ಹೇಳುತ್ತದೆ.

ಹಂತ 1: ಬರಹದ ಕಾಲವನ್ನು ನಿಶ್ಚಯಿಸಿಕೊಳ್ಳಿ

ಹಳೆಗನ್ನಡ, ನಡುಗನ್ನಡ, ಹೊಸಗನ್ನಡ ಎಂಬ ವಿಂಗಡಣೆ ನಮಗೆ ಶಾಲೆಯಿಂದಲೇ ಪರಿಚಿತ. ಇಂಗ್ಲಿಷಿಗೂ ಸರಿಸುಮಾರು ಅಂಥದೇ ವಿಂಗಡಣೆಯಿದೆ. ಐದನೆಯ ಶತಮಾನದಲ್ಲಿ ಬ್ರಿಟನ್ನಿಗೆ ಬಂದು ನೆಲೆಸಿದ ಜರ್ಮಾನಿಕ್ ಜನರ ನುಡಿ, 1066ರ ನಾರ್ಮನ್ ವಿಜಯವನ್ನು ದಾಟಿ ಸುಮಾರು 1150ರವರೆಗೆ ಇದ್ದ ರೂಪವನ್ನು ಹಳೆ ಇಂಗ್ಲಿಷ್ ಅಥವಾ ಆಂಗ್ಲೊ-ಸ್ಯಾಕ್ಸನ್ ಎನ್ನುತ್ತಾರೆ. ಅಲ್ಲಿಂದ ಸುಮಾರು 1500ರವರೆಗಿನದು ನಡು ಇಂಗ್ಲಿಷ್. 1400ರಲ್ಲಿ ತೀರಿಕೊಂಡ ಜೆಫ್ರಿ ಚಾಸರ್ ಇದರ ಪ್ರಸಿದ್ಧ ಕವಿ. ಅನಂತರದ್ದು ಹೊಸ ಇಂಗ್ಲಿಷ್. ಅದರ ಮೊದಲ ಘಟ್ಟದಲ್ಲಿ ಶೇಕ್ಸ್‌ಪಿಯರ್‌ನ ನಾಟಕಗಳೂ 1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಬೈಬಲ್ಲೂ ಬರುತ್ತವೆ.

ಶೇಕ್ಸ್‌ಪಿಯರ್‌ನದು ‘ಓಲ್ಡ್ ಇಂಗ್ಲಿಷ್’ ಎಂದು ಸಲೀಸಾಗಿ ಹೇಳಿಬಿಡುವ ರೂಢಿ ಕಾಲೇಜುಗಳಲ್ಲಿಯೂ ಇದೆ. ಅದು ಸರಿಯಲ್ಲ, ಮತ್ತು ಈ ತಪ್ಪು ಬರಿಯ ಹೆಸರಿಗೆ ಸೀಮಿತವಾದದ್ದಲ್ಲ. ಶೇಕ್ಸ್‌ಪಿಯರ್‌ನ ಒಂದು ಪುಟವನ್ನು ಇಂದಿನ ಇಂಗ್ಲಿಷ್ ಬಲ್ಲವರು ಎಡವುತ್ತಲಾದರೂ ಓದಿ ಮುಗಿಸಬಹುದು. ಸುಮಾರು ಸಾವಿರದ ಇಸವಿಯ ಒಂದೇ ಹಸ್ತಪ್ರತಿಯಲ್ಲಿ ಉಳಿದುಬಂದಿರುವ ‘ಬೇವುಲ್ಫ್’ ಕಾವ್ಯದ 3182 ಸಾಲುಗಳಲ್ಲಿ ಒಂದನ್ನೂ, ವ್ಯಾಕರಣವನ್ನು ಹೊಸದಾಗಿ ಕಲಿಯದೆ, ಇಂಗ್ಲೆಂಡಿನವರೇ ಓದಲಾರರು. ಅಂತರ್ಜಾಲದಲ್ಲಿ ಹರಿದಾಡುವ ‘ಐವತ್ತು ಹಳೆಯ ಇಂಗ್ಲಿಷ್ ಪದಗಳು’ ಎಂಬಂಥ ಪಟ್ಟಿಗಳು ಈ ಎಲ್ಲ ಕಾಲಗಳನ್ನು ಕಲಸಿ ಇಟ್ಟಿರುತ್ತವೆ. ಕಾಲ ಹೇಳದ ಪಟ್ಟಿಯನ್ನು ನಂಬದಿರುವುದು ಒಳ್ಳೆಯದು.

ಪುಸ್ತಕದ ಮೇಲೆ ಇಸವಿ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ, ಅಥವಾ ಉದ್ಧರಣೆ ಮಾತ್ರ ಕೈಗೆ ಸಿಕ್ಕಿದ್ದರೆ, ಅಕ್ಷರಗಳಿಂದಲೂ ಸರ್ವನಾಮಗಳಿಂದಲೂ ಕಾಲವನ್ನು ಊಹಿಸಬೇಕು. ಮುಂದಿನ ಎರಡು ಹಂತಗಳು ಅದಕ್ಕಾಗಿಯೇ.

ಕಾಲದೊಂದಿಗೆ ಸೀಮೆಯೂ ಮುಖ್ಯ. ಇಂಗ್ಲೆಂಡಿಗೆ ಮುದ್ರಣವನ್ನು ತಂದ ವಿಲಿಯಂ ಕ್ಯಾಕ್ಸ್‌ಟನ್, 1490ರಲ್ಲಿ ಅಚ್ಚು ಮಾಡಿದ ಪುಸ್ತಕವೊಂದರ ಮುನ್ನುಡಿಯಲ್ಲಿ ಒಂದು ಪ್ರಸಂಗವನ್ನು ಹೇಳುತ್ತಾನೆ. ಥೇಮ್ಸ್ ನದಿಯಿಂದ ಹೊರಟ ವರ್ತಕರು ಗಾಳಿ ಇಲ್ಲದ್ದರಿಂದ ತೀರದಲ್ಲಿ ಇಳಿದು ಒಂದು ಮನೆಗೆ ಹೋಗುತ್ತಾರೆ. ಅವರಲ್ಲೊಬ್ಬ ‘ಎಗ್ಸ್’ ಬೇಕೆಂದು ಕೇಳಿದಾಗ ಮನೆಯೊಡತಿ ತನಗೆ ಫ್ರೆಂಚ್ ಬರುವುದಿಲ್ಲ ಎನ್ನುತ್ತಾಳೆ. ಅವನಿಗೂ ಫ್ರೆಂಚ್ ಬಾರದು, ಸಿಟ್ಟಾಗುತ್ತಾನೆ. ಕೊನೆಗೆ ಇನ್ನೊಬ್ಬ ‘ಐರೆನ್’ ಎಂದಾಗ ಆಕೆಗೆ ಮೊಟ್ಟೆ ಎಂದು ತಿಳಿಯುತ್ತದೆ. ‘ಎಗ್’ ಎಂಬುದು ವೈಕಿಂಗರ ನಾರ್ಸ್ ನುಡಿಯಿಂದ ಬಂದ ಪದ, ‘ಐರೆನ್’ ಹಳೆ ಇಂಗ್ಲಿಷಿನ ಸ್ವಂತ ಪದ. ಅಂದು ಎರಡೂ ಜೀವಂತವಾಗಿದ್ದವು, ಬೇರೆ ಬೇರೆ ಸೀಮೆಗಳಲ್ಲಿ.

ಹಂತ 2: ಅಕ್ಷರ ಮತ್ತು ಕಾಗುಣಿತವನ್ನು ಬಿಡಿಸಿಕೊಳ್ಳಿ

ಹಳೆ ಇಂಗ್ಲಿಷಿನಲ್ಲಿ ಇಂದು ಇಲ್ಲದ ಕೆಲವು ಅಕ್ಷರಗಳಿದ್ದವು. ಅವುಗಳಲ್ಲಿ ಮುಖ್ಯವಾದದ್ದು ‘ಥಾರ್ನ್’. ನೇರ ಗೆರೆಯ ನಡುವಿಗೆ ಅರ್ಧವೃತ್ತ ಅಂಟಿಸಿದಂತಿರುವ ಈ ಅಕ್ಷರ ಇಂದು ಟಿ ಮತ್ತು ಎಚ್ ಸೇರಿಸಿ ಬರೆಯುವ ಧ್ವನಿಗೆ ನಿಂತಿತ್ತು. ಅದೇ ಧ್ವನಿಗೆ ‘ಎಥ್’ ಎಂಬ ಇನ್ನೊಂದು ಅಕ್ಷರವೂ ಇತ್ತು, ಲಿಪಿಕಾರರು ಎರಡನ್ನೂ ಮನಬಂದಂತೆ ಬಳಸುತ್ತಿದ್ದರು. ಎ ಮತ್ತು ಇ ಕೂಡಿಕೊಂಡಂತಿರುವ ‘ಆಶ್’ ಎಂಬುದು ‘ಕ್ಯಾಟ್’ ಪದದಲ್ಲಿ ಬರುವ ಸ್ವರ. ನಿಘಂಟು ತೆರೆದಾಗ ಥಾರ್ನ್ ಸಾಮಾನ್ಯವಾಗಿ ಟಿ ಅಕ್ಷರದ ಪದಗಳೆಲ್ಲ ಮುಗಿದ ಮೇಲೆ ಪ್ರತ್ಯೇಕವಾಗಿ ಬರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಹುಡುಕಾಟದ ಸಮಯ ಉಳಿಯುತ್ತದೆ.

ಅಂಗಡಿಗಳ ಫಲಕದಲ್ಲಿ ಕಾಣುವ ‘ಯೆ ಓಲ್ಡ್’ ಎಂಬುದರ ಮೂಲ ಇಲ್ಲಿದೆ. ಥಾರ್ನ್ ಅಕ್ಷರದ ಬರವಣಿಗೆ ನಿಧಾನವಾಗಿ ವೈ ಅಕ್ಷರವನ್ನು ಹೋಲತೊಡಗಿತು. ಯುರೋಪಿನಿಂದ ತರಿಸಿದ ಅಚ್ಚಿನ ಮೊಳೆಗಳಲ್ಲಿ ಥಾರ್ನ್ ಇಲ್ಲದ್ದರಿಂದ ಮುದ್ರಕರು ಅದರ ಜಾಗದಲ್ಲಿ ವೈ ಇಟ್ಟರು. ಅದನ್ನು ಅಂದು ಯಾರೂ ‘ಯೆ’ ಎಂದು ಓದುತ್ತಿರಲಿಲ್ಲ. ಅದು ‘ದಿ’ ಮಾತ್ರ. ಇದನ್ನು ‘ನೀವು’ ಎಂಬರ್ಥದ ನಿಜವಾದ ‘ಯೀ’ ಸರ್ವನಾಮದೊಂದಿಗೆ ಬೆರೆಸಬಾರದು.

ಮುದ್ರಿತ ಪುಸ್ತಕಗಳಲ್ಲಿ ಎರಡು ತೊಡಕುಗಳಿವೆ. ಹದಿನೇಳನೆಯ ಶತಮಾನದ ಆರಂಭದವರೆಗೆ ಯು ಮತ್ತು ವಿ ಒಂದೇ ಅಕ್ಷರದ ಎರಡು ರೂಪಗಳಾಗಿದ್ದವು: ಪದದ ಮೊದಲಿಗೆ ವಿ, ನಡುವೆ ಯು. ‘ಅಪಾನ್’ ಪದ ವಿ ಅಕ್ಷರದಿಂದ ಆರಂಭವಾದರೆ, ‘ಲವ್’ ಪದದ ನಡುವೆ ಯು ಕೂತಿರುತ್ತದೆ. ಐ ಮತ್ತು ಜೆ ನಡುವೆಯೂ ಹೀಗೆಯೇ ಭೇದವಿರಲಿಲ್ಲ. ಎರಡನೆಯದು ಉದ್ದನೆಯ ಎಸ್. ನೋಡಲು ಎಫ್‌ನಂತಿದ್ದು, ಅಡ್ಡಗೆರೆ ಪೂರ್ತಿ ಇಲ್ಲದ ಈ ಅಕ್ಷರ 1800ರ ಆಸುಪಾಸಿನವರೆಗೂ ಅಚ್ಚಿನಲ್ಲಿತ್ತು. ಪದದ ಕೊನೆಯಲ್ಲಿ ಮಾತ್ರ ಇಂದಿನ ಗಿಡ್ಡ ಎಸ್ ಬರುತ್ತಿತ್ತು. ಹದಿನೆಂಟನೆಯ ಶತಮಾನದ ಪುಸ್ತಕವೊಂದರ ಸ್ಕ್ಯಾನ್ ಪ್ರತಿಯಲ್ಲಿ ಹುಡುಕುವವರು ‘ಸೇಲ್’ ಎಂದು ಹುಡುಕಿ ಸಿಗದಿದ್ದಾಗ ‘ಫೇಲ್’ ಎಂದೂ ಹುಡುಕಬೇಕು. ಯಂತ್ರ ಅದನ್ನು ಬಹುಮಟ್ಟಿಗೆ ಎಫ್ ಎಂದೇ ಓದಿಟ್ಟಿರುತ್ತದೆ.

ಕಾಗುಣಿತಕ್ಕೆ ಆ ಕಾಲದಲ್ಲಿ ಕಟ್ಟುನಿಟ್ಟು ಇರಲಿಲ್ಲ. ಶೇಕ್ಸ್‌ಪಿಯರ್ ತನ್ನ ಹೆಸರನ್ನೇ ಒಂದೇ ರೀತಿ ಬರೆದಿಲ್ಲ. ಪದ ಗುರುತು ಸಿಗದಾಗ ಕಣ್ಣಿನಿಂದ ಓದುವುದನ್ನು ಬಿಟ್ಟು ಬಾಯಿಬಿಟ್ಟು ಓದಿ ನೋಡಿ. ಅರ್ಧಕ್ಕರ್ಧ ಪದಗಳು ಕಿವಿಗೆ ಬಿದ್ದೊಡನೆ ಪರಿಚಿತವಾಗುತ್ತವೆ.

ಹಂತ 3: ಸರ್ವನಾಮ ಮತ್ತು ಕ್ರಿಯಾಪದದ ಕೊನೆಯನ್ನು ಗಮನಿಸಿ

ಈ ವಿಷಯದಲ್ಲಿ ಕನ್ನಡಿಗರಿಗೆ ಇಂದಿನ ಇಂಗ್ಲಿಷರಿಗಿಂತ ಹೆಚ್ಚಿನ ಅನುಕೂಲವಿದೆ. ‘ದೌ’ ಎಂದರೆ ನೀನು, ‘ದೀ’ ಎಂದರೆ ನಿನ್ನನ್ನು ಅಥವಾ ನಿನಗೆ, ‘ದೈ’ ಮತ್ತು ‘ದೈನ್’ ಎಂದರೆ ನಿನ್ನ. ‘ಯೀ’ ಎಂದರೆ ನೀವು, ‘ಯೂ’ ಎಂದರೆ ಮೂಲತಃ ನಿಮ್ಮನ್ನು ಅಥವಾ ನಿಮಗೆ. ಮೊದಲಿಗೆ ಇದು ಏಕವಚನ, ಬಹುವಚನಗಳ ಭೇದ ಮಾತ್ರವಾಗಿತ್ತು. ಹದಿಮೂರನೆಯ ಶತಮಾನದಿಂದೀಚೆಗೆ ಫ್ರೆಂಚ್ ರೂಢಿಯ ಪ್ರಭಾವದಿಂದ ಬಹುವಚನ ಮರ್ಯಾದೆಯ ಸೂಚಕವಾಯಿತು: ದೊಡ್ಡವರಿಗೆ ‘ಯೂ’, ಕಿರಿಯರಿಗೆ, ಆಳುಗಳಿಗೆ, ಆಪ್ತರಿಗೆ, ದೇವರಿಗೆ ‘ದೌ’. ಬೈಬಲ್ಲಿನಿಂದ ‘ದೌ’ ಪದವನ್ನು ಬಲ್ಲ ಇಂದಿನವರು ಅದನ್ನು ಬಹಳ ಗಂಭೀರವಾದ, ಗೌರವದ ಪದ ಎಂದು ಭಾವಿಸುತ್ತಾರೆ. ವಾಸ್ತವ ತಿರುಗುಮುರುಗು. ನಮ್ಮ ವಚನಕಾರರೂ ದಾಸರೂ ದೇವರನ್ನು ‘ನೀನು’ ಎಂದಂತೆಯೇ ಅವರೂ ‘ದೌ’ ಎಂದರು.

ಮರ್ಯಾದೆ ತಪ್ಪಿಸುವುದಕ್ಕೂ ಇದು ಒದಗುತ್ತಿತ್ತು. 1603ರಲ್ಲಿ ಸರ್ ವಾಲ್ಟರ್ ರಾಲಿಯ ಮೇಲಿನ ರಾಜದ್ರೋಹದ ವಿಚಾರಣೆಯಲ್ಲಿ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ‘ದೌ’ ಎಂಬುದನ್ನು ಕ್ರಿಯಾಪದವನ್ನಾಗಿಯೇ ಮಾಡಿಕೊಂಡು, ‘ನಿನ್ನನ್ನು ನೀನು ಎಂದೇ ಕರೆಯುತ್ತೇನೆ, ದ್ರೋಹಿ’ ಎಂಬರ್ಥದಲ್ಲಿ ಗುಡುಗಿದ್ದು ದಾಖಲಾಗಿದೆ. ಇಂದಿನ ಇಂಗ್ಲಿಷಿಗೆ ಈ ಬೈಗುಳವನ್ನು ಇಳಿಸಲು ದಾರಿಯೇ ಇಲ್ಲ. ಕನ್ನಡಕ್ಕೆ ಅದು ನೇರವಾಗಿ ಬರುತ್ತದೆ.

‘ಹ್ಯಾಮ್ಲೆಟ್’ ನಾಟಕದ ಮೂರನೆಯ ಅಂಕದ ನಾಲ್ಕನೆಯ ದೃಶ್ಯದಲ್ಲಿ ತಾಯಿ ಗರ್ಟ್ರೂಡ್ ಮಗನಿಗೆ ‘ಹ್ಯಾಮ್ಲೆಟ್, ದೌ ಹ್ಯಾಸ್ಟ್ ದೈ ಫಾದರ್ ಮಚ್ ಅಫೆಂಡೆಡ್’ ಎನ್ನುತ್ತಾಳೆ. ‘ನಿನ್ನ ತಂದೆಯ ಮನಸ್ಸನ್ನು ಬಹಳ ನೋಯಿಸಿದ್ದೀಯೆ’ ಎಂದು ಅದರ ಅರ್ಥ. ಆಕೆಯ ಮನಸ್ಸಿನಲ್ಲಿರುವುದು ಮಲತಂದೆ ಕ್ಲಾಡಿಯಸ್. ‘ಮದರ್, ಯೂ ಹ್ಯಾವ್ ಮೈ ಫಾದರ್ ಮಚ್ ಅಫೆಂಡೆಡ್’ ಎಂದು ಮಗ ಉತ್ತರಿಸುತ್ತಾನೆ. ಮಗ ತಾಯಿಗೆ ‘ನೀವು’ ಎನ್ನುವುದು ಅಂದಿನ ಸಭ್ಯ ರೀತಿ. ಆದರೆ ತಾಯಿಯ ಮುಂದಿನ ಮಾತನ್ನು ನೋಡಿ: ‘ಕಮ್, ಕಮ್, ಯೂ ಆನ್ಸರ್ ವಿತ್ ಆನ್ ಐಡಲ್ ಟಂಗ್’. ಒಂದೇ ಸಾಲಿನ ಅಂತರದಲ್ಲಿ ಆಕೆ ‘ನೀನು’ ಬಿಟ್ಟು ‘ನೀವು’ ಹಿಡಿದಿದ್ದಾಳೆ. ಮುನಿದ ತಾಯಂದಿರು ಮಕ್ಕಳಿಗೆ ಬಹುವಚನ ಹಚ್ಚಿ ಮಾತನಾಡುವುದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶೇಕ್ಸ್‌ಪಿಯರ್‌ನನ್ನು ಓದುವಾಗ ಪೆನ್ಸಿಲ್ ಹಿಡಿದು ಇಂಥ ಪಲ್ಲಟಗಳಿಗೆಲ್ಲ ಗುರುತು ಹಾಕಿಕೊಳ್ಳುವುದು ಬಹಳ ಫಲ ಕೊಡುವ ಅಭ್ಯಾಸ.

ಕ್ರಿಯಾಪದದ ನಿಯಮ ಚಿಕ್ಕದು. ‘ದೌ’ ಬಂದರೆ ಕ್ರಿಯಾಪದದ ಕೊನೆಗೆ ‘ಎಸ್ಟ್’ ಅಥವಾ ‘ಸ್ಟ್’. ಅವನು, ಅವಳು, ಅದು ಬಂದರೆ ‘ಎತ್’. ‘ಹ್ಯಾತ್’, ‘ಡತ್’, ‘ಸೇಯೆತ್’ ಎಲ್ಲವೂ ಎರಡನೆಯ ಬಗೆಯವು. ‘ಆರ್ಟ್’ ಎಂಬುದು ಕಲೆಯಲ್ಲ, ‘ಇದ್ದೀಯೆ’. ಇನ್ನೊಂದು ಅಂಶ: ‘ಇಟ್ಸ್’ ಎಂಬ ಪದ ಅಂದು ಇನ್ನೂ ಬೇರೂರಿರಲಿಲ್ಲ. ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಉಪ್ಪು ‘ಹಿಸ್’ ಸವಿಯನ್ನು ಕಳೆದುಕೊಂಡರೆ ಎಂದಿರುವಾಗ, ಉಪ್ಪನ್ನು ಗಂಡಸನ್ನಾಗಿ ಮಾಡಿದ್ದಾರೆಂದು ಅರ್ಥ ಹಚ್ಚಬಾರದು.

ಹಂತ 4: ಪರಿಚಿತ ಪದಗಳನ್ನೇ ಅನುಮಾನಿಸಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಓದುತ್ತಾ ಹೋಗುವಾಗ ವಾಕ್ಯದ ಅರ್ಥ ಎಲ್ಲಿ ಸ್ವಲ್ಪವೇ ಅಡ್ಡವಾಯಿತೋ ಅಲ್ಲಿ ನಿಂತು, ಅದರಲ್ಲಿರುವ ತೀರ ಸಾಮಾನ್ಯ ಪದವನ್ನು ಮೊದಲು ಹಿಡಿದುಕೊಳ್ಳಿ.

ಕಿಂಗ್ ಜೇಮ್ಸ್ ಬೈಬಲ್ಲಿನ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಮನುಷ್ಯರಿಗೆ ಬೀಜವುಳ್ಳ ಗಿಡಗಳನ್ನೂ ಹಣ್ಣಿನ ಮರಗಳನ್ನೂ ಕೊಟ್ಟು, ಅವು ನಿಮಗೆ ‘ಮೀಟ್’ ಆಗಿರಲಿ ಎನ್ನುತ್ತಾನೆ. ಗಿಡಮರ ಮಾಂಸವಾಗುವುದೆಂತು? ‘ಮೀಟ್’ ಎಂದರೆ ಅಂದು ಯಾವುದೇ ಆಹಾರ. ಸಿಹಿತಿಂಡಿಗೆ ನಮ್ಮ ಹಳೆಯ ಅಂಗಡಿಗಳ ಫಲಕಗಳಲ್ಲಿ ಬರೆಯುವ ‘ಸ್ವೀಟ್‌ಮೀಟ್’ ಎಂಬ ಪದದಲ್ಲಿ ಆ ಅರ್ಥ ಇಂದಿಗೂ ಇದೆ. ಇಂದು ಜಿಂಕೆ ಎಂಬರ್ಥದ ‘ಡಿಯರ್’ ಎಂದರೆ ಹಿಂದೆ ಯಾವುದೇ ಕಾಡುಪ್ರಾಣಿ. ‘ಕಿಂಗ್ ಲಿಯರ್’ ನಾಟಕದಲ್ಲಿ ಇಲಿ, ಹೆಗ್ಗಣಗಳನ್ನೂ ಸಣ್ಣ ‘ಡಿಯರ್’ ಎಂದಿರುವುದು ಅದರಿಂದಲೇ. ಸಂಸ್ಕೃತದ ‘ಮೃಗ’ ಪದಕ್ಕೂ ಪ್ರಾಣಿ, ಜಿಂಕೆ ಎಂಬ ಎರಡೂ ಅರ್ಥಗಳಿರುವುದನ್ನು ಬಲ್ಲವರಿಗೆ ಈ ಬದಲಾವಣೆ ವಿಚಿತ್ರವೆನಿಸದು. ‘ಸ್ಟಾರ್ವ್’ ಎಂದರೆ ಮೊದಲಿಗೆ ಸಾಯುವುದು, ಯಾವ ಕಾರಣದಿಂದಲಾದರೂ ಸರಿ. ಆಮೇಲೆ ಹಸಿವಿನ ಸಾವಿಗೆ ಸೀಮಿತವಾಯಿತು. ‘ವೈಫ್’ ಎಂದರೆ ಹೆಂಗಸು. ಸೂಲಗಿತ್ತಿಗೆ ‘ಮಿಡ್‌ವೈಫ್’ ಎಂಬಲ್ಲಿ ಹೆಂಡತಿಯ ಸುಳಿವೇ ಇಲ್ಲ. ‘ಮ್ಯಾನ್’ ಎಂದರೆ ಹಳೆ ಇಂಗ್ಲಿಷಿನಲ್ಲಿ ಮನುಷ್ಯ, ಗಂಡೂ ಆಗಬಹುದು ಹೆಣ್ಣೂ ಆಗಬಹುದು. ‘ಗರ್ಲ್’ ಎಂಬುದು ನಡು ಇಂಗ್ಲಿಷಿನಲ್ಲಿ ಗಂಡು ಮಗುವಿಗೂ ಸಲ್ಲುತ್ತಿತ್ತು.

ಇವುಗಳಲ್ಲಿ ಅರ್ಥ ಕಿರಿದಾಗಿದೆ. ಇನ್ನು ಕೆಲವು ಪದಗಳು ಏರಿವೆ ಅಥವಾ ಇಳಿದಿವೆ. ‘ನೈಸ್’ ಪದದ ಮೂಲ ಲ್ಯಾಟಿನ್ನಿನಲ್ಲಿ ‘ಏನೂ ಅರಿಯದ’ ಎಂಬುದು. ನಡು ಇಂಗ್ಲಿಷಿನಲ್ಲಿ ಅದು ಮೂರ್ಖರಿಗೆ ಅನ್ವಯಿಸುತ್ತಿತ್ತು. ‘ಸಿಲ್ಲಿ’ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು: ಧನ್ಯ, ಪುಣ್ಯವಂತ ಎಂಬಲ್ಲಿಂದ ಮುಗ್ಧ, ಪಾಪದ, ದುರ್ಬಲ ಎಂಬ ಮೆಟ್ಟಿಲುಗಳನ್ನು ಇಳಿದು ಪೆದ್ದುತನಕ್ಕೆ ಬಂದು ನಿಂತಿತು. ಹದಿನಾರನೆಯ ಶತಮಾನದ ಪದ್ಯದಲ್ಲಿ ಕುರಿಗಳನ್ನು ‘ಸಿಲ್ಲಿ’ ಎಂದಿದ್ದರೆ ಅವು ಪೆದ್ದು ಕುರಿಗಳಲ್ಲ, ಬಡಪಾಯಿ ಕುರಿಗಳು. ‘ಫಾಂಡ್’ ಎಂಬುದಕ್ಕೂ ಹಳೆಯ ಅರ್ಥ ಮೂಢ ಎಂದೇ.

ಕಾಲವಾಚಕಗಳಲ್ಲಿ ಒಂದು ಮೋಜಿನ ಒಲವು ಕಾಣುತ್ತದೆ. ‘ಸೂನ್’, ‘ಅನಾನ್’, ‘ಪ್ರೆಸೆಂಟ್ಲಿ’ ಈ ಮೂರಕ್ಕೂ ಹಿಂದೆ ‘ಈ ಕ್ಷಣವೇ’ ಎಂಬ ಅರ್ಥವಿತ್ತು, ಮೂರೂ ‘ಇನ್ನು ಸ್ವಲ್ಪ ಹೊತ್ತಿಗೆ’ ಎಂಬುದಕ್ಕೆ ಜಾರಿದವು. ಮನೆಯಿಂದ ಹೊರಡುವ ಮೊದಲೇ ಫೋನಿನಲ್ಲಿ ‘ಬಂದೆ, ಬಂದೆ’ ಎನ್ನುವವರು ಎಲ್ಲ ಕಾಲದಲ್ಲಿಯೂ ಎಲ್ಲ ನುಡಿಗಳಲ್ಲಿಯೂ ಇದ್ದರೆಂದು ಕಾಣುತ್ತದೆ. ಶೇಕ್ಸ್‌ಪಿಯರ್‌ನ ಪಾತ್ರ ‘ಪ್ರೆಸೆಂಟ್ಲಿ’ ಎಂದಾಗ ಬಹುಪಾಲು ‘ತಕ್ಷಣ’ ಎಂದೇ ಇಟ್ಟುಕೊಳ್ಳಿ. ‘ಪ್ರಿವೆಂಟ್’ ಎಂದರೆ ತಡೆಯುವುದಕ್ಕೆ ಮೊದಲು ‘ಮುಂಚೆ ಬರುವುದು’. ಬೆಳಗಾಗುವುದನ್ನು ನಾನು ‘ಪ್ರಿವೆಂಟ್’ ಮಾಡಿದೆ ಎಂದು ಕಿಂಗ್ ಜೇಮ್ಸ್ ಬೈಬಲ್ಲಿನ ಕೀರ್ತನಕಾರ ಹೇಳಿದರೆ, ಸೂರ್ಯನನ್ನು ತಡೆದ ಪವಾಡವಲ್ಲ ಅದು, ಬೆಳಗಿಗಿಂತ ಮುಂಚೆ ಎದ್ದನೆಂದಷ್ಟೇ. ‘ವೇರ್‌ಫೋರ್’ ಎಂದರೆ ಎಲ್ಲಿ ಎಂದಲ್ಲ, ಏಕೆ ಎಂದು. ಮಾಳಿಗೆಯ ಮೇಲೆ ನಿಂತ ಜೂಲಿಯೆಟ್ ರೋಮಿಯೋ ಎಲ್ಲಿದ್ದಾನೆಂದು ಹುಡುಕುತ್ತಿಲ್ಲ. ನೀನು ಆ ಶತ್ರುಮನೆತನದ ರೋಮಿಯೋ ಏಕಾದೆ ಎಂದು ಕೊರಗುತ್ತಿದ್ದಾಳೆ.

ಹಂತ 5: ಕಾಲಕ್ಕೆ ತಕ್ಕ ನಿಘಂಟನ್ನು ತೆರೆಯಿರಿ

ಇಂಗ್ಲಿಷ್-ಕನ್ನಡ ನಿಘಂಟುಗಳು ಮುಖ್ಯವಾಗಿ ಇಂದಿನ ಅರ್ಥವನ್ನು ಹೇಳಲೆಂದು ರಚಿತವಾದವು. ಈ ಕೆಲಸಕ್ಕೆ ಅವು ಸಾಲವು. ಹಳೆ ಇಂಗ್ಲಿಷಿಗೆ ಜೋಸೆಫ್ ಬಾಸ್ವರ್ತ್ ಆರಂಭಿಸಿ ಟಿ. ನಾರ್ತ್‌ಕೋಟ್ ಟಾಲರ್ ಮುಗಿಸಿದ ನಿಘಂಟು ಇದೆ. 1898ರ ಈ ಗ್ರಂಥಕ್ಕೆ 1921ರಲ್ಲಿ ಪುರವಣಿ ಸೇರಿತು. ಎರಡನ್ನೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ನಡು ಇಂಗ್ಲಿಷಿಗೆ ಮಿಷಿಗನ್ ವಿಶ್ವವಿದ್ಯಾಲಯದ ‘ಮಿಡ್ಲ್ ಇಂಗ್ಲಿಷ್ ಡಿಕ್ಷನರಿ’; 1952ರಿಂದ 2001ರವರೆಗೆ ಕಂತುಗಳಲ್ಲಿ ಹೊರಬಂದ ಇದೂ ಉಚಿತ. ಹದಿನೆಂಟನೆಯ ಶತಮಾನದ ಬರಹಕ್ಕೆ ಸ್ಯಾಮ್ಯುಯೆಲ್ ಜಾನ್ಸನ್ನನ 1755ರ ನಿಘಂಟನ್ನು ನೋಡುವುದು ನನಗೆ ಹೆಚ್ಚು ಇಷ್ಟ, ಏಕೆಂದರೆ ಆ ಕಾಲದವನೇ ಆ ಕಾಲದ ಅರ್ಥವನ್ನು ಹೇಳುತ್ತಾನೆ. ಭಾರತಕ್ಕೆ ಸಂಬಂಧಿಸಿದ ಬ್ರಿಟಿಷರ ಬರಹಗಳಲ್ಲಿ ಬರುವ ಪದಗಳಿಗೆ ಯೂಲ್ ಮತ್ತು ಬರ್ನೆಲ್ 1886ರಲ್ಲಿ ಹೊರತಂದ ‘ಹಾಬ್ಸನ್-ಜಾಬ್ಸನ್’ ಇದೆ.

ಎಲ್ಲಕ್ಕೂ ಮೇಲಾದದ್ದು ‘ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ’. ಇದರ ಮೊದಲ ಆವೃತ್ತಿ 1884ರಿಂದ 1928ರವರೆಗೆ ಭಾಗಭಾಗವಾಗಿ ಪ್ರಕಟವಾಯಿತು. ಇಂದಿನ ಪರಿಷ್ಕೃತ ರೂಪಕ್ಕೆ ಚಂದಾ ಬೇಕು, ಆದರೆ ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಇದನ್ನು ಓದುವ ಕ್ರಮ ಸಾಮಾನ್ಯ ನಿಘಂಟಿನಂತಲ್ಲ. ಸಾಮಾನ್ಯ ನಿಘಂಟು ಹೆಚ್ಚು ಬಳಕೆಯ ಅರ್ಥವನ್ನು ಮೊದಲು ಕೊಟ್ಟರೆ, ಇದು ಹಳೆಯ ಅರ್ಥದಿಂದ ಹೊಸ ಅರ್ಥದ ಕಡೆಗೆ ಬರುತ್ತದೆ. ಪ್ರತಿಯೊಂದು ಅರ್ಥದ ಕೆಳಗೂ ಇಸವಿಯ ಸಮೇತ ಉದ್ಧರಣೆಗಳಿರುತ್ತವೆ, ಬಳಕೆ ತಪ್ಪಿದ ಅರ್ಥದ ಪಕ್ಕದಲ್ಲಿ ಕಠಾರಿಯ ಚಿಹ್ನೆ ಇರುತ್ತದೆ. ನೀವು ಮಾಡಬೇಕಾದದ್ದು ಇಷ್ಟು: ವ್ಯಾಖ್ಯೆಗಳನ್ನು ಮೊದಲು ಓದಬೇಡಿ. ಉದ್ಧರಣೆಗಳ ಇಸವಿಗಳ ಮೇಲೆ ಕಣ್ಣಾಡಿಸಿ, ನಿಮ್ಮ ಪಠ್ಯದ ಕಾಲಕ್ಕೆ ಹತ್ತಿರವಿರುವವನ್ನು ಹುಡುಕಿ, ಅವುಗಳ ವಾಕ್ಯರಚನೆ ನಿಮ್ಮ ವಾಕ್ಯದಂತಿದೆಯೇ ನೋಡಿ, ಆಮೇಲೆ ಮೇಲಿನ ವ್ಯಾಖ್ಯೆಗೆ ಬನ್ನಿ. ಒಂದೇ ಕಾಲದಲ್ಲಿ ಎರಡು ಅರ್ಥಗಳು ಜೊತೆಜೊತೆಗೆ ಇದ್ದಿರಬಹುದು, ಆಗ ಸಂದರ್ಭವೇ ತೀರ್ಮಾನಿಸಬೇಕು.

ಹಂತ 6: ದಸ್ತಾವೇಜಿನ ಇಂಗ್ಲಿಷನ್ನು ಬಿಡಿಸಿ ಓದಿ

ಕರ್ನಾಟಕದಲ್ಲಿ ಬಹಳ ಜನರಿಗೆ ಹಳೆಯ ಇಂಗ್ಲಿಷ್ ಎದುರಾಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಇಂಗ್ಲಿಷಿನಲ್ಲಿ ಬರೆದ ಕ್ರಯಪತ್ರದಲ್ಲಿ ‘ವಿಟ್ನೆಸೆತ್’ ಎಂದಿರುವುದು ಮೂರನೆಯ ಹಂತದಲ್ಲಿ ಹೇಳಿದ ‘ಎತ್’ ಕೊನೆಯೇ: ಈ ಪತ್ರವು ಸಾಕ್ಷಿ ಹೇಳುತ್ತದೆ, ಎಂದರೆ ದೃಢಪಡಿಸುತ್ತದೆ. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಪತ್ರದ ಆರಂಭದಲ್ಲಿ ‘ನೋ ಆಲ್ ಮೆನ್ ಬೈ ದೀಸ್ ಪ್ರೆಸೆಂಟ್ಸ್’ ಎಂಬ ದೊಡ್ಡಕ್ಷರದ ಸಾಲಿರುತ್ತದೆ. ಇಲ್ಲಿ ‘ಪ್ರೆಸೆಂಟ್ಸ್’ ಉಡುಗೊರೆಯಲ್ಲ, ಕೈಯಲ್ಲಿರುವ ಈ ಪತ್ರ. ‘ಮೆನ್’ ಗಂಡಸರಲ್ಲ, ಎಲ್ಲ ಜನ. ಈ ಪತ್ರದ ಮೂಲಕ ಸರ್ವರಿಗೂ ತಿಳಿಯಲಿ ಎಂಬುದು ತಾತ್ಪರ್ಯ.

‘ಹಿಯರ್‌ಆಫ್’, ‘ದೇರ್‌ಟು’, ‘ವೇರ್‌ಬೈ’ ಮುಂತಾದ ಜೋಡಣೆಗಳು ಹೆದರಿಸುತ್ತವೆಯಾದರೂ ಒಂದೇ ಸೂತ್ರಕ್ಕೆ ಒಗ್ಗುತ್ತವೆ. ‘ಹಿಯರ್’ ಎಂದರೆ ಇದು, ಸಾಮಾನ್ಯವಾಗಿ ಈ ಪತ್ರ. ‘ದೇರ್’ ಎಂದರೆ ಅದು, ಈಗಷ್ಟೇ ಹೇಳಿದ ವಸ್ತು. ‘ವೇರ್’ ಎಂದರೆ ಯಾವುದು. ಕೊನೆಯಲ್ಲಿರುವ ಪದವನ್ನು ವಿಭಕ್ತಿಯಾಗಿ ಹಚ್ಚಿದರೆ ಸಾಕು: ಹಿಯರ್‌ಆಫ್ ಎಂದರೆ ಇದರ, ದೇರ್‌ಆಫ್ ಎಂದರೆ ಅದರ, ವೇರ್‌ಬೈ ಎಂದರೆ ಯಾವುದರಿಂದ. ‘ಹಿಯರ್‌ಇನ್‌ಆಫ್ಟರ್’ ಎಂದರೆ ಈ ಪತ್ರದಲ್ಲಿ ಇನ್ನು ಮುಂದೆ.

ಜೋಡಿಪದಗಳು ದಸ್ತಾವೇಜಿನ ಇನ್ನೊಂದು ಲಕ್ಷಣ. ನಾರ್ಮನ್ನರ ಆಳ್ವಿಕೆಯ ಬಳಿಕ ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಬಹುಕಾಲ ನಡೆದದ್ದರಿಂದ, ದೇಶೀ ಪದವನ್ನೂ ಫ್ರೆಂಚ್ ಮೂಲದ ಪದವನ್ನೂ ಒಟ್ಟಿಗೆ ಬರೆಯುವ ರೂಢಿ ಬೆಳೆಯಿತು: ‘ವಿಲ್ ಅಂಡ್ ಟೆಸ್ಟಮೆಂಟ್’, ‘ಗೂಡ್ಸ್ ಅಂಡ್ ಚಾಟೆಲ್ಸ್’. ಎರಡಕ್ಕೂ ಬೇರೆ ಬೇರೆ ಅರ್ಥ ಹುಡುಕಿ ತಲೆ ಕೆಡಿಸಿಕೊಳ್ಳುವುದು ಬಹುಪಾಲು ಅನಗತ್ಯ. ಆದರೆ ಆಸ್ತಿಯ ಹಕ್ಕಿನ ಪ್ರಶ್ನೆ ಬಂದಾಗ ನಿಘಂಟಿನ ಅರ್ಥಕ್ಕಿಂತ ಕಾನೂನಿನ ಅರ್ಥವೇ ನಿಲ್ಲುವುದರಿಂದ ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ.

ಹಂತ 7: ಆಂಗ್ಲೊ-ಸ್ಯಾಕ್ಸನ್ ಪದವನ್ನು ಧ್ವನಿನಿಯಮದಿಂದ ಗುರುತಿಸಿ

‘ಪಾಲ್’ ಹಾಲಾಯಿತು, ‘ಪೆಸರ್’ ಹೆಸರಾಯಿತು ಎಂಬ ನಿಯಮ ತಿಳಿದವರಿಗೆ ಹಳೆಗನ್ನಡದ ಅರ್ಧ ಭಯ ಹೋಗುತ್ತದೆ. ಹಳೆ ಇಂಗ್ಲಿಷಿನಲ್ಲಿಯೂ ಅಂಥ ಕೆಲವು ನಿಯಮಗಳಿವೆ. ದೀರ್ಘ ‘ಆ’ ಇದ್ದಲ್ಲಿ ಇಂದು ‘ಓ’: ಸ್ಟಾನ್ ಸ್ಟೋನ್ ಆಯಿತು, ಹಾಮ್ ಹೋಮ್, ಬಾನ್ ಬೋನ್, ರಾಪ್ ರೋಪ್. ದೀರ್ಘ ‘ಊ’ ಇದ್ದಲ್ಲಿ ‘ಔ’: ಹೂಸ್ ಹೌಸ್, ಮೂಸ್ ಮೌಸ್. ಎಸ್ ಮತ್ತು ಸಿ ಜೊತೆಯಾಗಿದ್ದರೆ ‘ಶ’ ಎಂದೇ ಓದಬೇಕು, ಅದು ಇಂದಿನ ‘ಶಿಪ್’, ‘ಫಿಶ್’. ಪದದ ಮೊದಲಲ್ಲಿ ಎಲ್, ಆರ್, ಎನ್ ಅಕ್ಷರಗಳ ಹಿಂದೆ ಎಚ್ ಇದ್ದರೆ ಅದನ್ನು ತೆಗೆದುಹಾಕಿ ನೋಡಿ: ಹ್ರಿಂಗ್ ಎಂದರೆ ರಿಂಗ್, ಹ್ನುಟು ಎಂದರೆ ನಟ್, ಹ್ಲಾಫ್ ಎಂದರೆ ಲೋಫ್.

ಈ ಕೊನೆಯ ಪದದಲ್ಲಿ ಒಂದು ಸಮಾಜವೇ ಅಡಗಿದೆ. ‘ಹ್ಲಾಫ್‌ವೇಅರ್ಡ್’, ಅಂದರೆ ರೊಟ್ಟಿಯನ್ನು ಕಾಯುವವನು, ಸವೆದು ‘ಲಾರ್ಡ್’ ಆದ. ‘ಹ್ಲ್ಯಾಫ್‌ಡಿಯೆ’, ಅಂದರೆ ರೊಟ್ಟಿಯ ಹಿಟ್ಟು ನಾದುವವಳು, ‘ಲೇಡಿ’ ಆದಳು. ಹಳೆ ಇಂಗ್ಲಿಷ್ ಕನ್ನಡದಂತೆಯೇ ಸಮಾಸಗಳನ್ನು ಸಲೀಸಾಗಿ ಕಟ್ಟುತ್ತಿತ್ತು, ಆದ್ದರಿಂದ ಉದ್ದ ಪದ ಕಂಡಾಗ ಬಿಡಿಸಿ ವಿಗ್ರಹ ಮಾಡುವುದೇ ಉಪಾಯ. ‘ನೋಸ್‌ಥಿರ್ಲ್’ ಮೂಗಿನ ತೂತು, ಇಂದಿನ ‘ನಾಸ್ಟ್ರಿಲ್’. ‘ಟುಂಗೊಲ್‌ಕ್ರಾಫ್ಟ್’ ನಕ್ಷತ್ರಗಳ ವಿದ್ಯೆ. ಕಾವ್ಯದಲ್ಲಿ ‘ಹ್ರಾನ್‌ರಾಡ್’ ಎಂದರೆ ತಿಮಿಂಗಿಲದ ದಾರಿ, ಅಂದರೆ ಕಡಲು; ‘ಬಾನ್‌ಹೂಸ್’ ಎಂದರೆ ಮೂಳೆಯ ಮನೆ, ಅಂದರೆ ದೇಹ. ಇಂಥ ರೂಪಕ ಸಮಾಸಗಳನ್ನು ‘ಕೆನ್ನಿಂಗ್’ ಎನ್ನುತ್ತಾರೆ. ಅನುವಾದಿಸುವವರು ಬರಿಯ ‘ಕಡಲು’, ‘ದೇಹ’ ಎಂದು ಬರೆದು ಮುಗಿಸಿದರೆ ಅರ್ಥ ಉಳಿದು ಕಾವ್ಯ ಹೋಗುತ್ತದೆ.

ಒಂದು ಸಾಲನ್ನು ಪೂರ್ತಿ ಬಿಡಿಸಿ ನೋಡೋಣ

ಕ್ರೈಸ್ತರ ಪ್ರಭುವಿನ ಪ್ರಾರ್ಥನೆ ಮೂರೂ ಕಾಲಗಳ ಇಂಗ್ಲಿಷಿನಲ್ಲಿ ಉಳಿದಿರುವುದರಿಂದ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಪಠ್ಯವಿಲ್ಲ. ಹಳೆ ಇಂಗ್ಲಿಷಿನ ಮೊದಲ ಸಾಲು ಸರಿಸುಮಾರು ಹೀಗೆ ಕೇಳಿಸುತ್ತದೆ: ‘ಫ್ಯಾಡರ್ ಊರೆ, ಥೂ ಥೆ ಏಅರ್ಟ್ ಆನ್ ಹೆಯೊವೊನುಮ್, ಸೀ ಥೀನ್ ನಮ ಯೆಹಾಲ್ಗೊಡ್’.

‘ಫ್ಯಾಡರ್’ ತಂದೆ ಎಂದು ಕಿವಿಯೇ ಹೇಳುತ್ತದೆ. ‘ಊರೆ’ ಪದದಲ್ಲಿ ದೀರ್ಘ ಊ ಇದೆ. ಅದನ್ನು ಔ ಮಾಡಿದರೆ ‘ಅವರ್’, ನಮ್ಮ. ‘ಥೂ’ ಕೂಡ ಅದೇ ನಿಯಮದಿಂದ ‘ದೌ’, ನೀನು. ‘ಥೆ’ ಎಂಬುದು ಸಂಬಂಧಸೂಚಕ. ಕನ್ನಡದಲ್ಲಿ ಅದಕ್ಕೆ ಬೇರೆ ಪದ ಬೇಕಿಲ್ಲ, ‘ಇರುವ’ ಎಂಬ ಕೃದಂತದಲ್ಲಿಯೇ ಅದು ಸೇರಿಕೊಳ್ಳುತ್ತದೆ. ‘ಏಅರ್ಟ್’ ಎಂದರೆ ‘ಆರ್ಟ್’, ಇದ್ದೀಯೆ. ‘ಹೆಯೊವೊನುಮ್’ ಪದದ ಕೊನೆಯ ‘ಉಮ್’ ಬಹುವಚನದ ವಿಭಕ್ತಿ ಪ್ರತ್ಯಯ. ಅದನ್ನು ಕಳಚಿದರೆ ‘ಹೆಯೊವೊನ್’, ಇಂದಿನ ‘ಹೆವನ್’. ‘ಆನ್’ ಇಲ್ಲಿ ಮೇಲೆ ಎಂದಲ್ಲ, ಒಳಗೆ ಎಂಬರ್ಥದ್ದು: ಪರಲೋಕಗಳಲ್ಲಿ. ‘ಸೀ’ ಎಂಬುದು ‘ಇರು’ ಧಾತುವಿನ ಹಾರೈಕೆಯ ರೂಪ, ನಮ್ಮ ‘ಆಗಲಿ’, ‘ಇರಲಿ’ಗಳ ‘ಲಿ’ ಪ್ರತ್ಯಯದ ಕೆಲಸವನ್ನು ಮಾಡುತ್ತದೆ. ‘ಥೀನ್ ನಮ’ ಎಂದರೆ ನಿನ್ನ ಹೆಸರು. ‘ಯೆಹಾಲ್ಗೊಡ್’ ಪದದ ಮೊದಲ ‘ಯೆ’ ಉಪಸರ್ಗ. ಜರ್ಮನ್ ಕಲಿತವರು ಭೂತಕೃದಂತಗಳ ಮೊದಲಿಗೆ ಬರುವ ‘ಗೆ’ ಎಂದು ಇದನ್ನು ಗುರುತಿಸುತ್ತಾರೆ. ಅದನ್ನು ತೆಗೆದರೆ ‘ಹಾಲ್ಗೊಡ್’, ‘ಹ್ಯಾಲೋಡ್’, ಪವಿತ್ರವಾದದ್ದು. ಪರಲೋಕದಲ್ಲಿರುವ ನಮ್ಮ ತಂದೆಯೇ, ನಿನ್ನ ಹೆಸರು ಪವಿತ್ರವೆನಿಸಲಿ.

ಇದನ್ನು ಕಿಂಗ್ ಜೇಮ್ಸ್ ಬೈಬಲ್ಲಿನ ‘ಅವರ್ ಫಾದರ್ ವಿಚ್ ಆರ್ಟ್ ಇನ್ ಹೆವನ್, ಹ್ಯಾಲೋಡ್ ಬೀ ದೈ ನೇಮ್’ ಎಂಬುದರ ಪಕ್ಕದಲ್ಲಿಟ್ಟರೆ, ಹಳೆಯ ಪದಗಳಲ್ಲಿ ಬಹುತೇಕ ಎಲ್ಲವೂ ಬದುಕುಳಿದಿರುವುದು, ಕಳಚಿಹೋಗಿರುವುದು ಪ್ರತ್ಯಯಗಳೆಂಬುದು ಕಾಣುತ್ತದೆ. 1611ರಲ್ಲಿ ತಂದೆಗೆ ‘ಹೂ’ ಬದಲು ‘ವಿಚ್’ ಬಳಸಿರುವುದು ಅಗೌರವವಲ್ಲ. ಆ ಭೇದ ಇನ್ನೂ ಗಟ್ಟಿಯಾಗಿರಲಿಲ್ಲ.

ಹಂತ 8: ಸಿಕ್ಕ ವ್ಯುತ್ಪತ್ತಿಯನ್ನು ಪರೀಕ್ಷಿಸಿ

ಪದಗಳ ಹುಟ್ಟಿನ ಬಗ್ಗೆ ಸೊಗಸಾದ ಕಥೆ ಸಿಕ್ಕಾಗ ಎಚ್ಚರ ಬೇಕು. ‘ಪಾಶ್’ ಪದದ ವಿಷಯದಲ್ಲಿ ಹೇಳುವ ಕಥೆಯೊಂದು ನಮ್ಮ ದೇಶಕ್ಕೇ ಸಂಬಂಧಿಸಿದ್ದು: ಇಂಗ್ಲೆಂಡಿನಿಂದ ಭಾರತಕ್ಕೆ ಬರುವಾಗ ಹಡಗಿನ ಎಡಬದಿಯ, ಮರಳುವಾಗ ಬಲಬದಿಯ ನೆರಳಿನ ಕೋಣೆಗಳನ್ನು ಸಿರಿವಂತರು ಕಾಯ್ದಿರಿಸುತ್ತಿದ್ದರು, ಟಿಕೆಟ್ಟಿನ ಮೇಲೆ ಒತ್ತುತ್ತಿದ್ದ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬ ನಾಲ್ಕು ಪದಗಳ ಮೊದಲಕ್ಷರಗಳೇ ಸೇರಿ ‘ಪಾಶ್’ ಆಯಿತು ಎಂದು. ಅಂಥ ಮುದ್ರೆಯುಳ್ಳ ಒಂದೇ ಒಂದು ಟಿಕೆಟ್ಟೂ ಸಿಕ್ಕಿಲ್ಲ, ನಿಘಂಟುಕಾರರು ಈ ಕಥೆಯನ್ನು ಒಪ್ಪುವುದಿಲ್ಲ. ಮೊದಲಕ್ಷರಗಳನ್ನು ಜೋಡಿಸಿ ಪದ ಮಾಡುವ ರೂಢಿ ವ್ಯಾಪಕವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕಿಂತ ಹಳೆಯ ಪದಕ್ಕೆ ಯಾರಾದರೂ ಇಂಥ ಮೂಲವನ್ನು ಹೇಳಿದರೆ, ಆ ಪದದ ಮೊತ್ತಮೊದಲ ದಾಖಲೆಯ ಇಸವಿಯನ್ನು ನಿಘಂಟಿನಲ್ಲಿ ನೋಡಿ. ಕಥೆಯ ಇಸವಿಗಿಂತ ದಾಖಲೆ ಹಿಂದಿನದಾಗಿದ್ದರೆ ಅಲ್ಲಿಗೆ ಆ ಕಥೆ ಮುಗಿಯಿತು.